ಶಸ್ತ್ರವೊಂದೇ ಶುಶ್ರೂಷೆಯಲ್ಲ

“ಅಪ್ಪನ ಕರುಳು ಕಟ್ಟ್ಯಾವ, ಆಪರೇಶನ್ ಮಾಡಸ್ಲಿಲ್ಲಂದ್ರ ಮಂದಿ ಏನಂದಾರು?” ವಿಜಯಪುರದ ಗಾಂಧಿ ಚೌಕದಲ್ಲಿ ನಾನು ಕೇಳಿದ ಈ ಮಾತಿನಲ್ಲಿ ಮಮತೆಯಿದೆ, ಲೋಕಭೀತಿಯಿದೆ, ರೋಗಿಯ ಇಚ್ಛೆಗೆ ಮಾತ್ರ ಎಡೆಯಿಲ್ಲ.

ಕ್ಯಾನ್ಸರು ಕರುಳನ್ನು ಒಂದೇ ಕಡೆ ಅಡಚಿದ್ದು, ದೇಹದಲ್ಲಿ ಕಸುವಿದ್ದರೆ ಶಸ್ತ್ರಚಿಕಿತ್ಸೆ ಉಪಕಾರಿಯಾದೀತು. ಉದರವೆಲ್ಲ ಹಬ್ಬಿ ಹಲವೆಡೆ ಅಡಚಿದ್ದರೆ ಲಾಭ ಅನಿಶ್ಚಿತ; ಉಳಿದ ಕೆಲವೇ ವಾರಗಳು ಆಸ್ಪತ್ರೆಯಲ್ಲಿಯೇ ಕಳೆದಾವು. ಆಗಲೂ ವೈದ್ಯವು ಬರಿಗೈಯಲ್ಲ. ಮಾರ್ಫಿನ್ ನೋವನ್ನು ತಗ್ಗಿಸುತ್ತದೆ. ಆಕ್ಟ್ರಿಯೊಟೈಡ್ ಕರುಳಿನ ಸ್ರಾವವನ್ನು ಕುಗ್ಗಿಸಿ ವಾಂತಿಯನ್ನು ಇಳಿಸಬಲ್ಲದು. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ರೋಗಿಗಳಿಗೆ ಉಪಶಮನ ಶುಶ್ರೂಷೆ ಉಚಿತವಾಗಿ ದೊರೆಯುತ್ತದೆ.

ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. ಆದುದರಿಂದ, ಉಳಿದ ದಿನಗಳನ್ನು ಎಲ್ಲಿ, ಹೇಗೆ ಕಳೆಯಬೇಕೆಂದು ಮೊದಲು ಕೇಳಬೇಕಾದುದು ಹಾಸಿಗೆಯಲ್ಲಿರುವವರನ್ನು.