ಚೆಂಡಿನ ದಾರಿಯಲ್ಲಿ ನಿಂತವರು

ಚಿಣ್ಣಿದಾಂಡು ಆಡಿ ಬೆಳೆದವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ದಾಂಡು ಹಿಡಿದವನಿಗಿಂತ ಎದುರು ನಿಂತವನಿಗೆ ಅಪಾಯ ಹೆಚ್ಚು. ಹೊಸದುರ್ಗದ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಹೊಲಗಳು ಬರಿದಾದವೆಂದರೆ ಹುಡುಗರಿಗೆ ಬೇರೆ ಮೈದಾನ ಬೇಕಿರಲಿಲ್ಲ. ಗುಣಿಯ ಮೇಲೆ ಅಡ್ಡ ಇಟ್ಟ ಚಿಣ್ಣಿ ಚಿಮ್ಮಿ ಎದ್ದು, ಏಟು ತಿಂದು, ಎತ್ತ ಹಾರೀತೆಂಬುದು ಹೊಡೆದವನಿಗೇ ಗೊತ್ತಿರುವುದಿಲ್ಲ. ಎರಡೂ ತುದಿ ಚೂಪಾದ ಆ ಮರದ ತುಂಡು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದಕ್ಕಾಗಿಯೇ ಹುಡುಗರು ತಮ್ಮದೇ ಕಾನೂನು ಮಾಡಿಕೊಂಡಿದ್ದರು. ಹೊಡೆಯುವ ಮುನ್ನ ಕೂಗಬೇಕು, ದಾರಿಹೋಕರು ದಾಟುವ ತನಕ ದಾಂಡು ಎತ್ತಬಾರದು, ಸಣ್ಣ ಮಕ್ಕಳನ್ನು ಎದುರು ನಿಲ್ಲಿಸಬಾರದು. ಇದನ್ನು ಯಾರೂ ಬರೆದಿಡಲಿಲ್ಲ; ತಪ್ಪಿದವನಿಗೆ ಮನೆಯಲ್ಲಿ ಬೀಳುತ್ತಿದ್ದ ಏಟೇ ಅದರ ದಂಡಸಂಹಿತೆ.

ಈ ಎಚ್ಚರವನ್ನೇ ನೂರಾರು ಎಕರೆಗೆ ಹಿಗ್ಗಿಸಿ, ಪುಸ್ತಕ ಮಾಡಿ, ಅದಕ್ಕೊಂದು ಗತ್ತು ಸೇರಿಸಿದರೆ ಗಾಲ್ಫ್ ಆಟದ ಶಿಷ್ಟಾಚಾರವಾಗುತ್ತದೆ. ಹೊಸದುರ್ಗ, ಹೊಳಲ್ಕೆರೆಗಳ ಕಡೆಯವರಿಗೆ ಗಾಲ್ಫ್ ಎಂದರೆ ಟೀವಿಯಲ್ಲಿ ಚಾನೆಲ್ ಬದಲಿಸುವಾಗ ಕಣ್ಣಿಗೆ ಬೀಳುವ ಹಸಿರು ಬಯಲು, ಟೋಪಿ ಹಾಕಿದ ಒಬ್ಬ ಮನುಷ್ಯ, ಪಿಸುಗುಟ್ಟುವ ವೀಕ್ಷಕ ವಿವರಣೆ. ಇಷ್ಟು ನಿಧಾನದ ಆಟಕ್ಕೆ ಸುರಕ್ಷತೆಯ ಮಾತೇಕೆ ಎನಿಸುವುದು ಸಹಜ. ಆದರೆ ಲೆಕ್ಕ ಬೇರೆಯೇ ಇದೆ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಂದರೆ ಕ್ರಿಕೆಟ್ ಚೆಂಡಿನ ಮೂರನೇ ಒಂದು ಭಾಗದಷ್ಟೂ ತೂಕವಿಲ್ಲ. ಆದರೆ ವೃತ್ತಿಪರ ಆಟಗಾರನ ಉದ್ದ ಕೋಲಿನಿಂದ ಹೊರಟ ಗಳಿಗೆಯಲ್ಲಿ ಅದರ ವೇಗ ಗಂಟೆಗೆ 250 ಕಿಲೋಮೀಟರ್ ದಾಟುತ್ತದೆ. ಕ್ರಿಕೆಟ್ಟಿನ ಅತಿ ವೇಗದ ಬೌಲರ್ 150ರ ಆಸುಪಾಸಿನಲ್ಲಿ ಎಸೆಯುವ ಚೆಂಡಿಗೆ ಬ್ಯಾಟುಗಾರ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಾನೆ. ಗಾಲ್ಫಿನಲ್ಲಿ ಚೆಂಡು ಬೀಳುವ ಕಡೆ ಇರುವವರು ಬೆನ್ನು ತಿರುಗಿಸಿ ನಡೆಯುತ್ತಿರಬಹುದು, ಹುಲ್ಲು ಕತ್ತರಿಸುತ್ತಿರಬಹುದು.

ಕರ್ನಾಟಕಕ್ಕೆ ಈ ಆಟ ಹೊಸದಲ್ಲ. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಬ್ರಿಟನ್ನಿನ ಹೊರಗೆ ಇದಕ್ಕಿಂತ ಹಳೆಯ ಕ್ಲಬ್ಬುಗಳು ಕೆಲವೇ ಇವೆ; 1829ರ ಕಲ್ಕತ್ತದ ಕ್ಲಬ್ಬು ಅವುಗಳಲ್ಲಿ ಹಿರಿಯದು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡಕ್ಕೆ, ರೇಸ್ ಕುದುರೆಗಳು ಓಡುವ ದಾರಿಯ ಒಳಗೇ ಜಯಚಾಮರಾಜ ಒಡೆಯರ ಹೆಸರಿನ ಗಾಲ್ಫ್ ಮೈದಾನವಿದೆ. 1980ರ ದಶಕದಲ್ಲಿ ಬೆಂಗಳೂರಿನ ಚಲ್ಲಘಟ್ಟದ ಬಳಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಬಂತು. ಬ್ರಿಟಿಷ್ ಓಪನ್ ಐದು ಸಲ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಅದರ ವಿನ್ಯಾಸಕಾರ.

ಆಟದ ತಿರುಳು ಸರಳ. ಟೀ ಎಂಬ ಕಟ್ಟೆಯಿಂದ ಹೊರಟ ಚೆಂಡನ್ನು ಎಷ್ಟು ಕಡಿಮೆ ಏಟುಗಳಲ್ಲಿ ಸಾಧ್ಯವೋ ಅಷ್ಟರಲ್ಲಿ ದೂರದ ಕುಳಿಗೆ ಬೀಳಿಸಬೇಕು. ಇಂಥ ಹದಿನೆಂಟು ಕುಳಿಗಳು. ಕುಳಿಯ ಅಗಲ 108 ಮಿಲಿಮೀಟರ್. ಒಂದು ಸಣ್ಣ ಚೊಂಬಿನ ಬಾಯಿಯಷ್ಟು. ನುರಿತವನಿಗೆ ಒಂದೊಂದು ಕುಳಿಗೆ ಬೇಕಾಗುವ ಏಟುಗಳನ್ನು ಮೂರು, ನಾಲ್ಕು ಅಥವಾ ಐದು ಎಂದು ಗೊತ್ತುಮಾಡಿರುತ್ತಾರೆ, ಅದೇ ಪಾರ್. ಒಟ್ಟು ಸಾಮಾನ್ಯವಾಗಿ 72.

ಹಳೆಯ ಸ್ಕಾಟ್ಲೆಂಡಿನಲ್ಲಿ ಚೆಂಡೆಂದರೆ ತೊಗಲಿನ ಚೀಲದೊಳಗೆ ಪಕ್ಷಿಯ ಪುಕ್ಕ ಗಿಡಿದು ಹೊಲಿದದ್ದು. ಅದು ದುಬಾರಿ, ಕಳೆದರೆ ನಷ್ಟ. ಹಾಗಾಗಿ ಚೆಂಡು ಬೀಳುವ ಜಾಗ ನೋಡಿಕೊಳ್ಳಲು ಒಬ್ಬ ಆಳನ್ನು ಮುಂದಕ್ಕೆ ಕಳಿಸುತ್ತಿದ್ದರು. ಅವನೇ ಮುಂದಿನ ಕ್ಯಾಡಿ. ಏಟು ಬೀಳುವಾಗ ಅವನನ್ನು ಎಚ್ಚರಿಸಲು ಕೂಗಿದ ಕೂಗೇ ಇಂದಿಗೂ ಉಳಿದ ‘ಫೋರ್!’ ಎಂಬುದು ಒಂದು ವಾದ. ಪದದ ಮೂಲದ ಬಗೆಗೆ ಪಂಡಿತರು ಬೇಕಾದರೆ ಜಗಳವಾಡಲಿ, ಕೂಗು ಯಾರಿಗೆ ಎಂಬುದರಲ್ಲಿ ಸಂಶಯವಿಲ್ಲ. ಅದು ಎದುರು ನಿಂತವನಿಗೆ. ಕ್ಯಾಡಿ ಎಂಬ ಪದವೂ ಫ್ರೆಂಚರ ‘ಕಡೆ’ ಎಂಬುದರಿಂದ ಬಂದದ್ದು. ಅದು ಅಲ್ಲಿ ಮನೆಯ ಕಿರಿಯ ಮಗನಿಗೆ ಇದ್ದ ಹೆಸರು.

ಎದುರು ನಿಂತವನು ಆಟಕ್ಕೆ ಸಂಬಂಧವೇ ಇಲ್ಲದ ದಾರಿಹೋಕನಾದರೆ? ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ರಸ್ತೆಗೆ ಒತ್ತಿಕೊಂಡಿದ್ದ ಮೈದಾನವೊಂದರ ಹದಿಮೂರನೆಯ ಟೀಯಿಂದ ಹಾರಿದ ಚೆಂಡು ಟ್ಯಾಕ್ಸಿಯ ಗಾಜು ಒಡೆದು ಚಾಲಕನ ಒಂದು ಕಣ್ಣು ತೆಗೆಯಿತು. ಕಾಸಲ್ ಎಂಬ ಆ ಚಾಲಕ ಕ್ಲಬ್ಬಿನ ಮೇಲೆ ದಾವೆ ಹೂಡಿ 1922ರಲ್ಲಿ ಗೆದ್ದ. ಆ ಟೀಯಿಂದ ಚೆಂಡು ರಸ್ತೆಗೆ ಬೀಳುವುದು ಅಪರೂಪವೇನಲ್ಲ, ಹೀಗಿರುವಾಗ ಟೀಯನ್ನು ಅಲ್ಲಿ ಇಟ್ಟದ್ದೇ ಸಾರ್ವಜನಿಕರಿಗೆ ಉಪದ್ರವ ಎಂಬುದು ನ್ಯಾಯಾಲಯದ ನಿಲುವು. ನಮ್ಮ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ಈ ತೀರ್ಪು ಓದುತ್ತಾರೆ. ಬೆಂಗಳೂರಿನ ಹೈಗ್ರೌಂಡ್ಸ್‌ನ ರಸ್ತೆಯಂಚಿನಲ್ಲಿ ಎತ್ತರಕ್ಕೆ ಕಟ್ಟಿರುವ ಬಲೆಗಳನ್ನು ನೋಡಿದವರಿಗೆ ಅದರ ಅರ್ಥ ತಾನಾಗಿಯೇ ತಿಳಿಯುತ್ತದೆ. 1876ರಲ್ಲಿ ಊರಾಚೆ ಇದ್ದ ಬಯಲು ಈಗ ಊರ ನಡುವೆ ಇದೆ. ಅಂದು ಮೇಯುವ ದನಗಳಿದ್ದ ಕಡೆ ಇಂದು ಬಸ್ಸು, ಸ್ಕೂಟರುಗಳು.

ಹೊಡೆಯುವವನು ನುರಿತವನಾದರೆ ಅಪಾಯ ಇಲ್ಲವೆಂದೂ ಇಲ್ಲ. 2018ರಲ್ಲಿ ಪ್ಯಾರಿಸ್ ಬಳಿ ನಡೆದ ರೈಡರ್ ಕಪ್‌ನಲ್ಲಿ ಅಮೆರಿಕದ ಬ್ರೂಕ್ಸ್ ಕೆಪ್ಕಾ ಹೊಡೆದ ಚೆಂಡು ಪ್ರೇಕ್ಷಕಿಯೊಬ್ಬರಿಗೆ ಬಡಿದು ಒಂದು ಕಣ್ಣಿನ ದೃಷ್ಟಿ ಹೋಯಿತು. ಕೆಪ್ಕಾ ಅದೇ ವರ್ಷದ ಅಮೆರಿಕನ್ ಓಪನ್ ವಿಜೇತ. ಅವನ ಗತಿಯೇ ಹೀಗಾದರೆ ಭಾನುವಾರದ ಆಟಗಾರನ ಚೆಂಡಿನ ಮೇಲೆ ನಂಬಿಕೆ ಇಡುವುದು ಹೇಗೆ?

ಆದ್ದರಿಂದ ಮೊದಲ ಪಾಠ ಹೊಡೆತದ್ದಲ್ಲ, ಕಾಯುವುದರದ್ದು. ಮುಂದಿನ ತಂಡ ಚೆಂಡು ತಲುಪಬಹುದಾದ ದೂರವನ್ನು ದಾಟುವ ತನಕ ಕೋಲೆತ್ತುವಂತಿಲ್ಲ. ಹೊಸಬರು ಮಾಡುವ ತಪ್ಪೊಂದಿದೆ. ತನ್ನ ಏಟು ಅಷ್ಟು ದೂರ ಹೋಗುವುದಿಲ್ಲವೆಂದು ಹೊಡೆದುಬಿಡುತ್ತಾರೆ. ಬದುಕಿನಲ್ಲಿ ಒಮ್ಮೆ ಮಾತ್ರ ಬೀಳುವ ಆ ಚೆಂದದ ಏಟು ಸರಿಯಾಗಿ ಆಗಲೇ ಬೀಳುತ್ತದೆ. ಬರಿಗಾಳಿಗೆ ಕೋಲು ಬೀಸಿ ಅಭ್ಯಾಸ ಮಾಡುವಾಗಲೂ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಬೇಕು, ಏಕೆಂದರೆ ಕೋಲಿನ ತುದಿಯ ಲೋಹದ ಗಡ್ಡೆ ಚೆಂಡಿಗಿಂತ ಕೆಟ್ಟದ್ದು. ಹೊಡೆಯುವವನ ಮುಂದಂತೂ ನಿಲ್ಲಲೇಬಾರದು. ಚೆಂಡು ದಾರಿ ತಪ್ಪಿದರೆ ನಾಚಿಕೆ ಬಿಟ್ಟು ಗಂಟಲು ಹರಿಯುವಂತೆ ಕೂಗಬೇಕು. ಕೂಗು ಕೇಳಿದವರು ಎಲ್ಲಿಂದ ಬಂತೆಂದು ತಲೆಯೆತ್ತಿ ನೋಡುವುದು ಮನುಷ್ಯ ಸಹಜ, ಅದೇ ಅಪಾಯ. ಬೆನ್ನು ತಿರುಗಿಸಿ, ತಲೆ ಬಗ್ಗಿಸಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು.

ಸಿಡಿಲಿನ ವಿಷಯ ಚಿತ್ರದುರ್ಗದ ಕುರಿಗಾಹಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರಿಗೆ ಮುನ್ನ ಬರುವ ಗುಡುಗುಮಳೆಯಲ್ಲಿ ಬಯಲಲ್ಲಿ ಒಂಟಿ ಮರದಡಿ ನಿಲ್ಲುವುದು ಎಂಥ ಕೇಡು ಎಂದು ಅವರು ಬಲ್ಲರು. ಗಾಲ್ಫ್ ಮೈದಾನವೂ ಅಂಥದೇ ಬಯಲು, ಜೊತೆಗೆ ಕೈಯಲ್ಲಿ ಲೋಹದ ಕೋಲು. 1975ರಲ್ಲಿ ಷಿಕಾಗೊ ಬಳಿ ಪಂದ್ಯದ ನಡುವೆ ಲೀ ಟ್ರೆವಿನೊ ಸಿಡಿಲಿಗೆ ಸಿಕ್ಕಿ ಬದುಕುಳಿದ. 1991ರ ಅಮೆರಿಕನ್ ಓಪನ್‌ನಲ್ಲಿ ಮಳೆಗೆ ಮರದಡಿ ಸೇರಿದ್ದ ಪ್ರೇಕ್ಷಕರಲ್ಲಿ ಒಬ್ಬ ಸತ್ತ. ಈಗ ದೊಡ್ಡ ಪಂದ್ಯಗಳಲ್ಲಿ ಅಪಾಯದ ಸೈರನ್ ಮೊಳಗಿದರೆ ಆಟ ಅಲ್ಲಿಗೇ ನಿಲ್ಲುತ್ತದೆ.

ಉಳಿದ ಶಿಷ್ಟಾಚಾರವೆಲ್ಲ ನೆಲದ ಮೇಲಿನ ಮರ್ಯಾದೆ. ಏಟಿಗೆ ಮಣ್ಣುಸಮೇತ ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಅಲ್ಲೇ ಕೂರಿಸಿ ತುಳಿಯಬೇಕು. ಎತ್ತರದಿಂದ ಬಿದ್ದ ಚೆಂಡು ಕುಳಿಯ ಸುತ್ತಿನ ನುಣುಪು ಹಾಸಿನಲ್ಲಿ ಮಾಡಿದ ಗುಳಿಯನ್ನು ಅಂಚಿನಿಂದ ನಡುವಿಗೆ ಒತ್ತಿ ಮುಚ್ಚಬೇಕು. ಮರಳಿನ ಗುಂಡಿಗೆ ಇಳಿದವನು ತನ್ನ ಹೆಜ್ಜೆಗಳನ್ನು ಅಲ್ಲಿಟ್ಟಿರುವ ಹಲುಬೆಯಂಥ ಹಲ್ಲುಕೋಲಿನಿಂದ ಅಳಿಸಿ ಹತ್ತಬೇಕು. ಬೇರೆಯವನ ಚೆಂಡು ಕುಳಿಗೆ ಉರುಳಬೇಕಾದ ದಾರಿಯನ್ನು ತುಳಿಯಬಾರದು, ಆ ದಾರಿಯ ಮೇಲೆ ತನ್ನ ನೆರಳೂ ಬೀಳಬಾರದು. ಕೇಳಲು ಇದು ಮಡಿಯಂತಿದೆ. ಆದರೆ ಒಣನಾಡಿನಲ್ಲಿ ಒಂದು ಚದರಡಿ ಹುಲ್ಲನ್ನು ಹಸಿರಾಗಿ ಉಳಿಸಲು ಎಷ್ಟು ನೀರು, ಎಷ್ಟು ಕೂಲಿ ಬೇಕೆಂದು ಹಿರಿಯೂರಿನ ತೋಟದವರಿಗೆ ಗೊತ್ತು. ನೀರಿಲ್ಲದ ಕಡೆ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಹಾಸಿ ‘ಬ್ರೌನ್’ ಎಂದು ಕರೆದು ಆಡುವ ರೂಢಿಯೂ ಉಂಟು. ಬರದ ನಾಡಿಗೆ ಅದೇ ಹೆಚ್ಚು ಮರ್ಯಾದೆಯ ಆಟ ಎನ್ನಬೇಕು. ಅಂಗಿಗೆ ಕಾಲರು ಇರಲೇಬೇಕೆಂದು ತಾಕೀತು ಮಾಡುವ ಕ್ಲಬ್ಬುಗಳು ಅಭ್ಯಾಸದ ಬಯಲಲ್ಲಿ ಚೆಂಡು ಹೆಕ್ಕುವ ಹುಡುಗನ ತಲೆಗೆ ಏನಿದೆ ಎಂದು ಅಷ್ಟೇ ಕಟ್ಟುನಿಟ್ಟಾಗಿ ನೋಡಿದರೆ ಶಿಷ್ಟಾಚಾರಕ್ಕೆ ಇನ್ನಷ್ಟು ತೂಕ ಬಂದೀತು.

ಈ ಆಟದಲ್ಲಿ ಅಂಪೈರ್ ಇಲ್ಲ. ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರು ಇರುತ್ತಾರಾದರೂ ಏಟುಗಳ ಲೆಕ್ಕಕ್ಕೆ ಆಟಗಾರನೇ ಹೊಣೆ. ಪೊದೆಯ ಹಿಂದೆ ಚೆಂಡು ಮಿಸುಕಿತೋ ಇಲ್ಲವೋ ಎಂಬುದು ಅವನಿಗೂ ಅವನ ಮನಸ್ಸಾಕ್ಷಿಗೂ ಬಿಟ್ಟದ್ದು. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್, ಹುಲ್ಲಿನಲ್ಲಿ ತನ್ನ ಚೆಂಡು ಅಲುಗಿತೆಂದು ತಾನೇ ಒಂದು ಏಟಿನ ದಂಡ ಹಾಕಿಕೊಂಡ. ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ಕೊನೆಗೆ ಸಮಬಲವಾಗಿ, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತ. ಜನ ಹೊಗಳಿದಾಗ, ಬ್ಯಾಂಕ್ ದರೋಡೆ ಮಾಡಲಿಲ್ಲವೆಂದು ಹೊಗಳಿದಂತಾಯಿತು ಎಂಬರ್ಥದಲ್ಲಿ ಗದರಿದನಂತೆ. 1744ರಲ್ಲಿ ಎಡಿನ್‌ಬರೋದವರು ಬರೆದಿಟ್ಟ ಮೊದಲ ನಿಯಮಗಳು ಹದಿಮೂರು. 2019ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಾಗ, ಅದುವರೆಗೆ ಪುಸ್ತಕದ ಮೊದಲಿಗೆ ಬೇರೆಯಾಗಿ ಕೂತಿದ್ದ ಶಿಷ್ಟಾಚಾರವನ್ನು ಮೊದಲನೆಯ ನಿಯಮದ ಒಳಗೇ ಸೇರಿಸಿದರು. ಕಳೆದ ಚೆಂಡು ಹುಡುಕಲು ಐದು ನಿಮಿಷದ ಬದಲು ಮೂರೇ ನಿಮಿಷ ಎಂಬ ನಿಯಮವೂ, ಒಂದು ಏಟಿಗೆ ನಲವತ್ತು ಸೆಕೆಂಡು ಸಾಕು ಎಂಬ ಸಲಹೆಯೂ ಆಗಲೇ ಬಂದವು. ಹಿಂದಿನವರನ್ನು ಕಾಯಿಸುವುದೂ ಒಂದು ಅಸಭ್ಯತೆ.

ಹವ್ಯಾಸಿಯ ಆಟ ಸುಧಾರಿಸುವುದು ಹೇಗೆ? ಎಲ್ಲರೂ ಉದ್ದ ಏಟಿನ ಹಿಂದೆ ಬೀಳುತ್ತಾರೆ. ಆದರೆ 72ರ ಪಾರ್ ಲೆಕ್ಕದಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಏಟುಗಳು ಕುಳಿಯ ಬಳಿಯ ನುಣುಪು ಹಾಸಿನ ಮೇಲೆ ಚೆಂಡು ಉರುಳಿಸಲು ಮೀಸಲು. ಅರ್ಧ ಆಟವೇ ಅಲ್ಲಿದೆ. ಅಭ್ಯಾಸದ ಅರ್ಧ ಹೊತ್ತನ್ನು ಅಲ್ಲಿ ಕಳೆಯುವವರು ಎಷ್ಟು ಮಂದಿ? ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ವಿಶ್ವ ಕ್ರಮಾಂಕದಲ್ಲಿ 200ನೆಯವರು. ಸ್ವಲ್ಪ ಮುಂಚೆ ಕೋವಿಡ್ ಬಂದು ತೋಳಿನ ಕಸುವು ಇಳಿದಿತ್ತು, ಟೀಯಿಂದ ಎದುರಾಳಿಗಳು ಬಹಳ ಮುಂದೆ ಹೊಡೆಯುತ್ತಿದ್ದರು. ಕುಳಿಯ ಸಮೀಪದ ಕೈಚಳಕವೊಂದರಿಂದಲೇ ಅವರು ನಾಲ್ಕನೆಯ ಸ್ಥಾನಕ್ಕೆ ಬಂದರು. ಕಂಚು ಒಂದೇ ಏಟಿನಿಂದ ತಪ್ಪಿತು. ಅಲ್ಲಿ ಅವರ ಚೀಲ ಹೊತ್ತ ಕ್ಯಾಡಿ ತಾಯಿ. 2016ರ ರಿಯೊದಲ್ಲಿ ತಂದೆ.

ಇನ್ನೊಂದು, ಗಾಳಿಯನ್ನು ಓದುವುದು. ಕಣದಲ್ಲಿ ರಾಗಿ ತೂರುವವನು ಮೊರ ಎತ್ತುವ ಮುನ್ನ ಹಿಡಿ ಹೊಟ್ಟು ಬಿಟ್ಟು ನೋಡುವಂತೆ ಗಾಲ್ಫ್ ಆಟಗಾರ ನಾಲ್ಕು ಎಸಳು ಹುಲ್ಲು ಕಿತ್ತು ತೂರಿ ನೋಡುತ್ತಾನೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ತಿರುಗುವ ಹೊಸದುರ್ಗದವರಿಗೆ ಈ ವಿದ್ಯೆ ಅರ್ಧ ಬಂದೇ ಇದೆ. ಇನ್ನು ಕೋಲನ್ನು ಹಿಡಿಯುವುದು. ಬಿಗಿಯಾಗಿ ಹಿಡಿದಷ್ಟೂ ಮಣಿಕಟ್ಟು ಸೆಟೆದು ಏಟು ಕೆಡುತ್ತದೆ. ಚೀಲದಲ್ಲಿ ಹದಿನಾಲ್ಕು ಕೋಲುಗಳಿಗೆ ಅನುಮತಿಯಿದೆ. ಹೊಸಬನಿಗೆ ಅದರಲ್ಲಿ ಅರ್ಧ ಸಾಕು.

ಎಲ್ಲಕ್ಕಿಂತ ಅಗ್ಗದ ಗುರು ಪಕ್ಕದಲ್ಲೇ ಚೀಲ ಹೊತ್ತು ನಡೆಯುತ್ತಿರುತ್ತಾನೆ. ನೆಲದ ಇಳಿಜಾರು ಎತ್ತ, ಯಾವ ಹೊತ್ತಿಗೆ ಹುಲ್ಲು ಚೆಂಡನ್ನು ಹಿಡಿಯುತ್ತದೆ, ಈ ಸಾಹೇಬರು ಯಾವಾಗ ಸಿಟ್ಟಾಗಿ ಏಟು ಕೆಡಿಸಿಕೊಳ್ಳುತ್ತಾರೆ, ಎಲ್ಲವೂ ಕ್ಯಾಡಿಗೆ ಗೊತ್ತು. 1965ರಲ್ಲಿ ಹವ್ಯಾಸಿ ಪಿ.ಜಿ. ಸೇಠಿ ಗೆದ್ದ ಮೇಲೆ ಇಂಡಿಯನ್ ಓಪನ್ ಪ್ರಶಸ್ತಿ ಕಾಲು ಶತಮಾನ ವಿದೇಶೀಯರ ಪಾಲಾಗಿತ್ತು. 1991ರಲ್ಲಿ ಅದನ್ನು ಮರಳಿ ತಂದವರು ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್. 2009ರಲ್ಲಿ ಗುರಗಾಂವ್‌ನಲ್ಲಿ ಕೊರಿಯದ ಆಟಗಾರನನ್ನು ಮರುಪಂದ್ಯದಲ್ಲಿ ಸೋಲಿಸಿ ಅದೇ ಪ್ರಶಸ್ತಿ ಎತ್ತಿದವರು ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ. ಬಿಡದಿ ಬಳಿಯ ಮೈದಾನದಲ್ಲಿ ಬಡತನದಿಂದ ಬಂದು ಆಟ ಕಲಿತ ಎಸ್. ಚಿಕ್ಕರಂಗಪ್ಪ ವೃತ್ತಿಪರರ ಪಂದ್ಯಗಳಲ್ಲಿ ಹಲವು ಸಲ ಗೆದ್ದರು.

ಇವರಿಗೆಲ್ಲ ಆಡಲು ಹೊತ್ತು ಸಿಕ್ಕದ್ದಾದರೂ ಯಾವಾಗ? ಅನೇಕ ಕ್ಲಬ್ಬುಗಳು ನೆಲದ ದುರಸ್ತಿಗೆಂದು ವಾರಕ್ಕೊಂದು ದಿನ, ಸಾಮಾನ್ಯವಾಗಿ ಸೋಮವಾರ, ಸದಸ್ಯರಿಗೆ ಮೈದಾನ ಮುಚ್ಚುತ್ತವೆ. ಅಂದು ಕ್ಯಾಡಿಗಳು ಆಡಿಕೊಳ್ಳಲಿ ಎಂದು ಬಿಡುವ ಪದ್ಧತಿಯಿದೆ. ಎರವಲು ತಂದ ಒಂದೆರಡು ಕೋಲು, ಪೊದೆಯಲ್ಲಿ ಸಿಕ್ಕ ಹಳೆಯ ಚೆಂಡು. ಹಿಂದಿನ ದಿನ ಯಾರೋ ಮುಚ್ಚದೆ ಹೋದ ಗುಳಿಗಳನ್ನು ದಾರಿಯಲ್ಲಿ ಮುಚ್ಚುತ್ತಲೇ ಅವರು ಮುಂದಿನ ಟೀಗೆ ಹೋಗುತ್ತಾರೆ.