ನಿಮಗಿದು ಗೊತ್ತೆ? ಬೆಂಗಳೂರಿನ ನೀರು 100 ಡಿಗ್ರಿ ಮುಟ್ಟದೆಯೇ ಕುದಿಯುತ್ತದೆ!

ಅಡುಗೆಮನೆಯ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ, 100 ಡಿಗ್ರಿ ತೋರಿಸಲಿಲ್ಲವೆಂದು ಬೈಯುವವರಿದ್ದಾರೆ. ಮಂಗಳೂರಿನಲ್ಲಾದರೆ ಆ ಬೈಗುಳ ನ್ಯಾಯವೇ. ಆದರೆ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ. ಅಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ.

ಮಂಜುಗಡ್ಡೆಗೆ ಈ ಊರುಭೇದವಿಲ್ಲ; ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಅದನ್ನೇ ಬಳಸಬಹುದು.

ಲೋಟದ ತುಂಬ ಐಸ್ ಚೂರು ಹಾಕಿ, ಸಂದು ತುಂಬುವಷ್ಟು ತಣ್ಣೀರು ಸುರಿದು ಕಲಕಿ, ಥರ್ಮಾಮೀಟರಿನ ಕಡ್ಡಿಯ ತುದಿ ತಳಕ್ಕೂ ಅಂಚಿಗೂ ತಾಗದಂತೆ ನಡುವೆ ಹಿಡಿದರೆ, ಅರ್ಧ ನಿಮಿಷದ ಬಳಿಕ 0 ತೋರಿಸಬೇಕು. ತೋರಿಸದಿದ್ದರೆ, ಮುಳ್ಳಿನ ಥರ್ಮಾಮೀಟರುಗಳಲ್ಲಿ ಸಾಮಾನ್ಯವಾಗಿ ಡಯಲ್ ಹಿಂದೆ ಇರುವ ನಟ್ ತಿರುಗಿಸಿ ಸರಿಪಡಿಸಬಹುದು. ಡಿಜಿಟಲ್‌ಗಳಲ್ಲಿ ಕೆಲವಕ್ಕೆ ಮಾತ್ರ ಈ ಸೌಲಭ್ಯ.

ಅಂದಹಾಗೆ, 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ರೂಪಿಸಿದ ಮಾಪಕ ತಲೆಕೆಳಗಾಗಿತ್ತು: ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100!