ಪರವೂರಿನ ದುಡಿಮೆಗಾರನೂ ಪ್ಯಾರಿಷ್ಷೂ

ಆಂಗ್ಲ ಕಾದಂಬರಿಗಳನ್ನು ಓದುವ ವಾಚಕರಿಗೆ ‘ಪ್ಯಾರಿಷ್’ ಎಂಬ ಮಾತು ಹೊಸದಲ್ಲ. ಒಂದು ಇಗರ್ಜಿಗೂ ಅದರ ಪಾದ್ರಿಗೂ ಸೇರಿದ ಊರಿನ ಎಲ್ಲೆಯೇ ಪ್ಯಾರಿಷ್. ಆದರೆ 1837ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದಾಗ ಇಂಗ್ಲೆಂಡಿನ ಹಳ್ಳಿಗನ ಪಾಲಿಗೆ ಅದು ಬರಿಯ ಧರ್ಮದ ವಿಷಯವಾಗಿರಲಿಲ್ಲ. ಊರ ರಸ್ತೆಯ ರಿಪೇರಿ ಪ್ಯಾರಿಷ್ಷಿನದು. ಬಡವನಿಗೆ ಅನ್ನ ಕಾಣಿಸುವ ಹೊಣೆಯೂ ಅದರದೇ.

ಈ ಹೊಣೆ 1601ರ ಕಾನೂನಿನಿಂದ ಬಂದದ್ದು. ಊರಿನ ಭೂಮಿ, ಮನೆಗಳನ್ನು ಅನುಭವಿಸುವವರಿಂದ ಕರ ಎತ್ತಿ, ಮುದುಕರನ್ನೂ ರೋಗಿಗಳನ್ನೂ ಅನಾಥರನ್ನೂ ಸಲಹಬೇಕು. ಸರಿ, ಆದರೆ ಯಾವ ಬಡವನು ಯಾವ ಪ್ಯಾರಿಷ್ಷಿಗೆ ಸೇರಿದವನು? ಇದಕ್ಕೆ 1662ರ ಕಾನೂನು ಕಟ್ಟಳೆ ಮಾಡಿತು. ಸಾಮಾನ್ಯವಾಗಿ ತಂದೆಯ ನೆಲೆಯೇ ಮಕ್ಕಳ ನೆಲೆ, ಗಂಡನ ನೆಲೆಯೇ ಹೆಂಡತಿಯ ನೆಲೆ. ಹೊಟ್ಟೆಪಾಡಿಗೆ ಪರವೂರು ಸೇರಿ ಅನೇಕ ವರ್ಷ ದುಡಿದವನಿಗೂ ಅಲ್ಲಿ ನೆಲೆ ಸಿಕ್ಕಿತೆಂಬ ಭರವಸೆ ಇರಲಿಲ್ಲ. ಕಾಯಿಲೆ ಬಿದ್ದು ನೆರವು ಬೇಡಿದನೋ, ಇಬ್ಬರು ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ಅವನನ್ನು ಹೆಂಡತಿ ಮಕ್ಕಳ ಸಮೇತ ಹಳೆಯ ಪ್ಯಾರಿಷ್ಷಿಗೆ ಸಾಗಹಾಕಬಹುದಾಗಿತ್ತು.

1834ರಲ್ಲಿ ಹೊಸ ಕಾನೂನು ಬಂತು. ಹಲವು ಪ್ಯಾರಿಷ್ಷುಗಳನ್ನು ಕೂಡಿಸಿ ‘ಯೂನಿಯನ್’ ಮಾಡಿದರು. ಬಡವರಿಗಾಗಿ ‘ವರ್ಕ್‌ಹೌಸ್’ ಕಟ್ಟಿದರು. ಅದರೊಳಗೆ ಹೋದ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಹೀಗೆ ಕೂಡಿಸಿದರೂ ಆಯಾ ಪ್ಯಾರಿಷ್ಷಿನ ಬಡವರ ಖರ್ಚು ಆಯಾ ಪ್ಯಾರಿಷ್ಷಿನ ತಲೆಗೇ ಉಳಿಯಿತು. ಆದುದರಿಂದ ಕೆಲವು ಜಮೀನುದಾರರು ಕರದ ಭಾರ ತಪ್ಪಿಸಿಕೊಳ್ಳಲು ತಮ್ಮ ಊರಿನಲ್ಲಿ ಕೂಲಿಕಾರರ ಗುಡಿಸಲುಗಳನ್ನು ಕೆಡವಿಸಿದರು. ಕೂಲಿಯವನು ನೆರೆಯೂರಿನಲ್ಲಿ ಬಾಡಿಗೆಗಿದ್ದು, ದಿನವೂ ಮೈಲಿಗಟ್ಟಲೆ ನಡೆದು ಅದೇ ಜಮೀನಿಗೆ ಕೆಲಸಕ್ಕೆ ಬರಬೇಕಾಯಿತು. ಅವನ ಬೆವರು ಬೇಕು, ಅವನ ಮುಪ್ಪು ಬೇಡ!

ಈ ಅನ್ಯಾಯ ಒಮ್ಮೆಲೇ ತೊಲಗಲಿಲ್ಲ. ಒಂದು ಪ್ಯಾರಿಷ್ಷಿನಲ್ಲಿ ಐದು ವರ್ಷ ಎಡೆಬಿಡದೆ ಬಾಳಿದವನನ್ನು ಹೊರಗೆ ಕಳಿಸಕೂಡದೆಂದು 1846ರಲ್ಲಿ ವಿಧಿಸಿದರು. 1861ರಲ್ಲಿ ಆ ಅವಧಿ ಮೂರು ವರ್ಷಕ್ಕೂ, 1865ರಲ್ಲಿ ಒಂದೇ ವರ್ಷಕ್ಕೂ ಇಳಿಯಿತು. ಅದೇ 1865ರಲ್ಲಿ ಬಡವರ ಖರ್ಚನ್ನು ಇಡೀ ಯೂನಿಯನ್ನಿಗೆ ಹಂಚಿದರು. ಗುಡಿಸಲು ಕೆಡವಿದರೆ ಆಗುತ್ತಿದ್ದ ಲಾಭ ಅಲ್ಲಿಗೆ ಹೋಯಿತು. ಕೊನೆಗೆ 1894ರ ಕಾನೂನು ಮುನ್ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಹಳ್ಳಿಯ ಪ್ಯಾರಿಷ್ಷುಗಳಿಗೆ ಚುನಾಯಿತ ಪಂಚಾಯತಿಯನ್ನು ಕೊಟ್ಟಿತು. ಊರ ಲೌಕಿಕ ವ್ಯವಹಾರ ಇಗರ್ಜಿಯ ಕೈಯಿಂದ ಅದಕ್ಕೆ ಬಂತು.

ಹುಟ್ಟಿದ ಊರಿನ ಋಣ ದೊಡ್ಡದು, ನಿಜ. ದುಡಿಸಿಕೊಂಡ ಊರಿಗೂ ಒಂದು ಋಣವುಂಟೆಂಬುದನ್ನು ಕಾನೂನು ಒಪ್ಪಿಕೊಳ್ಳಲು ಇಂಗ್ಲೆಂಡಿನಲ್ಲಿ ಎರಡು ಶತಮಾನ ಹಿಡಿಯಿತು. ಊರು ಬಿಟ್ಟು ಬಂದು ದುಡಿಯುತ್ತಿರುವ ನಾವು ಇದನ್ನು ತಿಳಿದಿರುವುದು ಒಳ್ಳೆಯದು.